ಮುಚ್ಚಳದೊಳಗಿನ ಗುಬ್ಬಿ

ಸೆಪ್ಟೆಂಬರ್ ೧, ಸೋಮವಾರ

ಈ ಪುಸ್ತಕ ನನ್ನದಲ್ಲ. ಮಾತಿನ ಡಾಕ್ಟರಮ್ಮ ಕೊಟ್ಟದ್ದು. ನಮ್ಮನೆಯವರು ದಿನಕ್ಕೆ ಎಷ್ಟು ನಿಮಿಷ ಮಾತಾಡಿದರು ಎಂದು ಇದರಲ್ಲಿ ಬರೆದಿಡಬೇಕಂತೆ. ಪುಸ್ತಕದ ಮುಂದಿನ ಹಾಳೆಯಿಂದ ಅದನ್ನು ಬರೆಯುತ್ತೇನೆ, ಪುಸ್ತಕ ಮಗುಚಿ ಹಿಂದಿನ ಹಾಳೆಯಿಂದ ಇದನ್ನು. ಇದನ್ನು ಡಾಕ್ಟರಮ್ಮ ಓದಕೂಡದು, ಯಾರೂ ಓದಕೂಡದು. ಇಡೀ ದಿನ ತಲೆ ಬಗ್ಗಿಸಿ ರಿಪೇರಿ ಮಾಡುವವಳು ಎಲ್ಲಾದರೂ ಒಂದು ಕಡೆ ಬಾಯಿ ಬಿಡಬೇಕಲ್ಲ.

ಮುಂದಿನ ಹಾಳೆಯಲ್ಲಿ ಇವತ್ತು: ನಾಲ್ಕು ನಿಮಿಷ.

ಇಪ್ಪತ್ತಾರು ವರ್ಷ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗಿದ ಗಂಟಲು ಅದು. ಇವರು ಗೇಟಿನ ಹತ್ತಿರ ಕೂಗಿದರೆ ಕೊನೆಯ ಲಾರಿಯವನು ಎದ್ದು ಕೂರುತ್ತಿದ್ದ. ಗಂಟಲಿನ ಗಡ್ಡೆ ತೆಗೆಯುವಾಗ ಒಂದು ಕಡೆಯ ಧ್ವನಿತಂತು ಹೋಯಿತು. ಉಳಿದ ಒಂದೇ ತಂತು ಎರಡರ ಕೆಲಸವನ್ನೂ ಕಲಿಯಬೇಕು. ದಿನವೂ ಮೆಲ್ಲಗೆ, ಬಿಡದೆ ಮಾತಾಡುತ್ತಿದ್ದರೆ ಎರಡು ತಿಂಗಳಲ್ಲಿ ಮಾತು ಬರುತ್ತದೆ. ಸುಮ್ಮನೆ ಕೂತರೆ ಈಗಿರುವ ಗಾಳಿಯಂಥ ದನಿಯೇ ಗಟ್ಟಿ ಎಂದಿದ್ದಾರೆ ಡಾಕ್ಟರಮ್ಮ.

ಆಸ್ಪತ್ರೆಯಿಂದ ಬಂದು ಒಂಬತ್ತು ದಿನವಾಯಿತು. ಮಹಡಿಯ ಮೇಲೆ ಮಲಗಿರುತ್ತಾರೆ. ಕೆಳಗೆ ಅಪ್ಪನ ಕಾಲದ ರಿಪೇರಿ ಅಂಗಡಿಯಲ್ಲಿ ನಾನು ಮತ್ತು ತಂಗಿ ಪುಟ್ಟಿ. ಬಂದ ದಿನವೇ ಪುಟ್ಟಿ ಹಾಸಿಗೆಯ ಪಕ್ಕದ ಕಪಾಟಿನಲ್ಲಿ ಮಾತಾಡುವ ಸ್ಪೀಕರ್ ಒಂದನ್ನು ತಂದಿಟ್ಟಳು. ಅದನ್ನು ಹೆಸರು ಹಿಡಿದು ಕರೆದರೆ ನೀಲಿ ದೀಪ ಹತ್ತುತ್ತದೆ. ಆಮೇಲೆ ಇವರು ಆಡಿದ ಮಾತು ಕೆಳಗೆ ಅಂಗಡಿಯಲ್ಲಿರುವ ಅಂಥದೇ ಸ್ಪೀಕರಿನಲ್ಲಿ ಕೇಳುತ್ತದೆ. "ಭಾವ, ಇನ್ಮೇಲೆ ಅಕ್ಕನ್ನ ಕರೆಯೋಕೆ ಮೆಟ್ಟಿಲು ಇಳಿಯೋ ಹಾಗಿಲ್ಲ" ಎಂದಳು. ನಲವತ್ತೆರಡಾದರೂ ನಮಗೆ ಅವಳು ಪುಟ್ಟಿಯೇ. ಅಮ್ಮ ಹೋದಾಗ ಅವಳಿಗೆ ನಾಲ್ಕು, ನನಗೆ ಹದಿನಾರು. ಎತ್ತಿ ಆಡಿಸಿದವಳು ನಾನು. ಅವಳಿಗೆ ನಮ್ಮ ಮೇಲೆ ಅಷ್ಟು ಕಾಳಜಿ ಇರುವುದು ನೋಡಿ ಕಣ್ಣು ತುಂಬಿ ಬಂತು.

ಸಂಜೆ ಇವರು ಏನೋ ಅಂದರು. ಕೇಳಿಸಲಿಲ್ಲ. ಹೂಂ ಎಂದೆ.

ಸೆಪ್ಟೆಂಬರ್ ೪, ಗುರುವಾರ

ಅಂಗಡಿಗೆ ಒಂದು ಹಳೆಯ ರೇಡಿಯೋ ಬಂತು. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಅಪ್ಪನ ಗುರುತು! ಪೆನ್ಸಿಲಿನ ಒಂದು ಸೊನ್ನೆ, ನಡುವೆ ಚುಕ್ಕೆ, ಕೆಳಗೆ ತಾರೀಖು. ಮುಚ್ಚಳ ತೆಗೆದವರು ಒಳಗೆ ಗುರುತು ಹಾಕಿಯೇ ಮುಚ್ಚಬೇಕು ಎಂಬುದು ಅಪ್ಪನ ಕಟ್ಟಳೆ. ಗುರುತು ಹಾಕದೆ ಮುಚ್ಚಿದರೆ ಅದು ರಿಪೇರಿ ಅಲ್ಲ, ಕಳ್ಳತನ ಎನ್ನುತ್ತಿದ್ದರು. ನನ್ನದು ಒಂದು ತ್ರಿಕೋನ. ಪುಟ್ಟಿಗೆ ಒಂಬತ್ತು ವರ್ಷವಾದಾಗ ನಾನೇ ಅವಳ ಕೈ ಹಿಡಿದು ಮೊದಲ ಸಹಿ ಹಾಕಿಸಿದೆ. ಚೌಕ ಬರೆ ಎಂದರೆ ಅವಳು ಗುಬ್ಬಿ ಬರೆದಳು. ಕೊಕ್ಕು, ಬಾಲ, ಎರಡು ಕಾಲು. ಈಗಲೂ ಅದೇ ಗುಬ್ಬಿ. ಗುಬ್ಬಿ ಇದ್ದ ಮುಚ್ಚಳವನ್ನು ನಾನು ಮತ್ತೆ ತೆಗೆದು ನೋಡುವುದಿಲ್ಲ, ತ್ರಿಕೋನ ಇದ್ದದ್ದನ್ನು ಅವಳು ತೆಗೆಯುವುದಿಲ್ಲ. ಮೂವತ್ಮೂರು ವರ್ಷದಿಂದ ಅಂಗಡಿ ನಡೆದಿರುವುದೇ ಹಾಗೆ.

ಮಹಡಿಯ ಸ್ಪೀಕರ್ ಮಾತ್ರ ತಲೆ ತಿನ್ನುತ್ತಿದೆ. ಇವರು ಹನ್ನೊಂದು ಸಲ ಕರೆದರು. ದೀಪ ಹತ್ತಲಿಲ್ಲ. ಹನ್ನೆರಡನೆಯ ಸಲ ಹತ್ತಿತು, ಅಷ್ಟರಲ್ಲಿ ಇವರಿಗೆ ಕೆಮ್ಮು ಬಂದು ಹೇಳಬೇಕಾದ್ದೇ ಮರೆತುಹೋಯಿತು. ಪುಟ್ಟಿ ಬಂದು ಅದನ್ನು ಕಪಾಟಿನಿಂದ ತೆಗೆದು ಹಾಸಿಗೆ ಪಕ್ಕದ ಸ್ಟೂಲಿನ ಮೇಲಿಟ್ಟಳು. "ಸ್ವಲ್ಪ ಹತ್ರ ಇರ್ಲಿ ಭಾವ" ಎಂದಳು.

ಮುಂದಿನ ಹಾಳೆ: ಆರು ನಿಮಿಷ. ಅದರಲ್ಲಿ ಐದು ನಿಮಿಷ ಆ ಡಬ್ಬವನ್ನು ಕರೆದದ್ದೇ.

ಸೆಪ್ಟೆಂಬರ್ ೯, ಮಂಗಳವಾರ

ಇವತ್ತು ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ.

ಮಧ್ಯಾಹ್ನ ಮೇಲೆ ಹೋದರೆ ಇವರು ಒದ್ದೆ ಹಾಸಿಗೆಯ ಮೇಲೆ ಕೂತಿದ್ದರು. ನೀರಿನ ಚೊಂಬು ಉರುಳಿ ಅರ್ಧ ಗಂಟೆಯಾಗಿತ್ತಂತೆ. ಕರೆದರಂತೆ, ಡಬ್ಬಕ್ಕೆ ಕೇಳಲಿಲ್ಲವಂತೆ. "ಗಟ್ಟಿಯಾಗಿ ಕರೀಬಾರದೇನ್ರೀ? ಇಡೀ ಮಾರುಕಟ್ಟೆ ಕೇಳೋ ಹಾಗೆ ಕೂಗ್ತಿದ್ದೋರು, ಒಂದು ಮೊಳ ದೂರದಲ್ಲಿರೋ ಡಬ್ಬಕ್ಕೆ ಕೇಳೋ ಹಾಗೆ ಕರೆಯೋಕಾಗಲ್ವಾ? ಕೆಳಗಿಂದು ಇದೇ ಸ್ಪೀಕರ್, ಎಲ್ಲರ ಮಾತೂ ಕೇಳುತ್ತೆ. ನಿಮಗೆ ಮನಸ್ಸಿಲ್ಲ, ಅಷ್ಟೇ" ಎಂದೆ.

ಇವರು ದಿಂಬಿನ ಕೆಳಗಿನಿಂದ ಸ್ಲೇಟು ತೆಗೆದು ಬರೆದು ತೋರಿಸಿದರು: "ಸಾಕು."

ಸ್ಲೇಟು ಬಳಸಕೂಡದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಕಿತ್ತುಕೊಂಡು ಬಂದು ಅಂಗಡಿಯ ಅಟ್ಟಕ್ಕೆ ಎಸೆದೆ.

ಮುಂದಿನ ಹಾಳೆ: ಒಂದು ನಿಮಿಷ.

ಸೆಪ್ಟೆಂಬರ್ ೧೩, ಶನಿವಾರ

ನಾಲ್ಕು ದಿನದಿಂದ ಬೆಳಿಗ್ಗೆ ಸಂಜೆ ಪಾಠ ನಡೆಸುತ್ತಿದ್ದೇನೆ. ನಾನು ಬಾಗಿಲಲ್ಲಿ ನಿಲ್ಲುತ್ತೇನೆ, ಇವರು ಡಬ್ಬವನ್ನು ಕರೆಯಬೇಕು. ದೀಪ ಹತ್ತದಿದ್ದರೆ ಇನ್ನೂ ಗಟ್ಟಿಯಾಗಿ ಕರೆಯಬೇಕು. ಕತ್ತಿನ ನರ ಉಬ್ಬುತ್ತದೆ, ಮುಖ ಕೆಂಪಾಗುತ್ತದೆ. "ಇನ್ನೊಂದ್ಸಲ" ಎನ್ನುತ್ತೇನೆ. ಇವರು ನನ್ನನ್ನು ನೋಡುವ ನೋಟ ನನಗೆ ಹಿಡಿಸುವುದಿಲ್ಲ. ಒಳ್ಳೆಯದಕ್ಕೆ ತಾನೇ ಹೇಳುತ್ತಿರುವುದು?

ಪುಟ್ಟಿ ಮತ್ತೆ ಬಂದು ಸ್ಪೀಕರನ್ನು ಸ್ಟೂಲಿನಿಂದ ತೆಗೆದು ದಿಂಬಿನ ಅಂಚಿಗೇ ಇಟ್ಟಳು. ಅವಳಿಗಿರುವ ತಾಳ್ಮೆಯ ಕಾಲು ಭಾಗ ನನಗಿದ್ದರೆ ಸಾಕಿತ್ತು.

ಅಂಗಡಿಗೆ ನಿವೃತ್ತ ಪೋಸ್ಟ್‌ಮ್ಯಾನ್ ಬಂದಿದ್ದರು. ನಮ್ಮ ಅಂಗಡಿಯಲ್ಲಿ ಮಾರಲೂ ಇಟ್ಟಿರುವ ಈ ಸ್ಪೀಕರಿನ ಕಂಪನಿ ಹೋದ ವರ್ಷ ತಂದದ್ದು ಏಳನೇ ನಂಬರಿನದು. ಈ ವರ್ಷ ಅದೇ ಗಾತ್ರ, ಅದೇ ಬೂದು ಬಟ್ಟೆ, ಅವೇ ನಾಲ್ಕು ಗುಂಡಿಯ ಇನ್ನೊಂದನ್ನು ತಂದು ಏಳು-ಎಸ್ ಎಂದು ಹೆಸರಿಟ್ಟಿದೆ. ನಮ್ಮ ಅಂಗಡಿಯಲ್ಲಿರುವುದು ಏಳು, ಮಹಡಿಯಲ್ಲಿರುವುದು ಏಳು-ಎಸ್. ಪೋಸ್ಟ್‌ಮ್ಯಾನರ ಮನೆಯದೂ ಏಳು-ಎಸ್. "ಮಗಳ ಮನೇಲಿರೋದು ಅಡುಗೆಮನೆಯಿಂದ ಕರೆದ್ರೂ ಓಗೊಡುತ್ತೆ, ನಂದು ಎದುರಿಗೆ ಕೂತ್ರೂ ಕಿವುಡು. ನಿಜವಾಗ್ಲೂ ಎರಡೂ ಒಂದೇನಮ್ಮಾ?" ಎಂದು ಕೇಳಿದರು.

"ಒಳಗೆಲ್ಲ ಒಂದೇ ಸಾರ್, ಅಕ್ಷರ ಒಂದು ಜಾಸ್ತಿ ಅಷ್ಟೇ. ನಿಮ್ಮನೆ ಗೋಡೆ ಖಾಲಿ, ಅದಕ್ಕೇ ಶಬ್ದ ಚದುರುತ್ತೆ. ಒಂದು ಪರದೆ ಹಾಕಿ ನೋಡಿ" ಎಂದಳು ಪುಟ್ಟಿ. ಅವರು ನನ್ನ ಕಡೆ ತಿರುಗಿದರು. ನಾನು ತಲೆ ಎತ್ತದೆ, "ನಮ್ಮನೇಲೂ ಎರಡಿವೆ ಸಾರ್, ಒಂದೇ" ಎಂದೆ. ಅವರು ನಂಬಿ ಹೋದರು.

ಈ ಪ್ರಶ್ನೆ ಕೇಳುವವರು ಹೆಚ್ಚಾದ ಮೇಲೆ ಒಂದು ರಟ್ಟು ಬರೆದು ತೂಗುಹಾಕಿದ್ದೇವೆ: "ಏಳು, ಏಳು-ಎಸ್ ಎರಡೂ ಒಂದೇ. ಒಳಗಿನ ಸಾಮಾನಿಗೆ ನಾವು ಜವಾಬ್ದಾರಿ." ಮಾತು ಪುಟ್ಟಿಯದು, ಅಕ್ಷರ ನನ್ನದು. ನನ್ನ ಅಕ್ಷರ ಗುಂಡಗಿದೆ ಎಂದು ನನ್ನಿಂದಲೇ ಬರೆಸಿದಳು.

ಸೆಪ್ಟೆಂಬರ್ ೧೮, ಗುರುವಾರ

ಡಾಕ್ಟರಮ್ಮ ಸಣ್ಣ ಕ್ಯಾಮೆರಾ ಇಳಿಸಿ ಗಂಟಲು ನೋಡಿದರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಉಳಿದ ಒಂದು ತಂತು ಕೆಂಪಗೆ ಊದಿಕೊಂಡಿತ್ತು.

"ಇವರನ್ನ ಯಾರು ಕೂಗಿಸಿದ್ದು?"

ಇವರು ಮೇಲೆ ನೋಡುತ್ತಿದ್ದರು. ನನ್ನ ಕಡೆ ಬೆರಳೂ ತೋರಿಸಲಿಲ್ಲ. "ನಾನು" ಎಂದೆ.

"ಮೆಲ್ಲಗೆ ಅಂತ ಎಷ್ಟು ಸಲ ಹೇಳಿದ್ದೆ? ಇನ್ನು ಮೂರು ವಾರ ನೋಡೋಣ. ಊತ ಇಳಿದು ಇವರು ಮತ್ತೆ ಮಾತಾಡೋಕೆ ಶುರು ಮಾಡಿದ್ರೆ ಸರಿ. ಇಲ್ಲದಿದ್ರೆ ಇದರ ಮೇಲೆ ನಾನು ಆಸೆ ಹುಟ್ಟಿಸಲ್ಲಮ್ಮಾ."

ಬರುವಾಗ ಬಸ್ಸಿನಲ್ಲಿ ಇವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಸೆಪ್ಟೆಂಬರ್ ೧೯

ಸೊನ್ನೆ ನಿಮಿಷ.

ಸೆಪ್ಟೆಂಬರ್ ೨೨, ಸೋಮವಾರ

ಇವರು ತಾವಾಗಿಯೇ ಮೆಟ್ಟಿಲಿಳಿದು ಅಂಗಡಿಗೆ ಬಂದರು. ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲು. ಬಾಗಿಲ ಹತ್ತಿರದ ಗಿರಾಕಿಗಳ ಬೆಂಚಿನಲ್ಲಿ ಕೂತರು. ಫ್ಯಾನ್ ತಿರುಗುತ್ತಿತ್ತು, ರಸ್ತೆಯಲ್ಲಿ ಗಾಡಿಗಳು. ನಾನು ಒಂದು ಇಸ್ತ್ರಿಪೆಟ್ಟಿಗೆಯ ವೈರು ಬದಲಿಸುತ್ತಿದ್ದೆ. ಇವರು ತಮಗೆ ತಾವೇ ಎಂಬಂತೆ, ಅದೇ ಗಾಳಿಯ ದನಿಯಲ್ಲಿ, ಸ್ಪೀಕರಿನ ಹೆಸರು ಹೇಳಿ ಗಂಟೆ ಕೇಳಿದರು.

ಅಂಗಡಿಯ ಆ ಕೊನೆಯ ಅಟ್ಟಣಿಗೆಯಲ್ಲಿ ನೀಲಿ ದೀಪ ಹತ್ತಿತು. "ಹನ್ನೊಂದು ಗಂಟೆ ಇಪ್ಪತ್ತು ನಿಮಿಷ" ಎಂದಿತು ಅದು.

ಇವರ ಮುಖ ನೋಡಬೇಕಿತ್ತು! ಮೊದಲ ಹರಾಜು ಗೆದ್ದವರ ಹಾಗೆ. ಮತ್ತೆ ಕರೆದರು, ಮತ್ತೆ ಹತ್ತಿತು. ನಾಳೆಯ ಬಿಸಿಲು ಕೇಳಿದರು, ಅರವತ್ತನಾಲ್ಕನ್ನು ಏಳರಿಂದ ಗುಣಿಸು ಎಂದರು. ಎಲ್ಲಕ್ಕೂ ಉತ್ತರ. ಪುಟ್ಟಿ ಗಿರಾಕಿಗೆ ರಸೀದಿ ಬರೆಯುತ್ತಿದ್ದವಳು ಪೆನ್ನು ಹಿಡಿದುಕೊಂಡೇ ನಿಂತುಬಿಟ್ಟಳು. ಆಮೇಲೆ, "ಇವತ್ತು ಭಾವನ ಗಂಟಲು ಚೆನ್ನಾಗಿದೆ, ಅಲ್ವಾ ಅಕ್ಕ?" ಎಂದಳು. ನಾನೂ ಹಾಗೇ ಅಂದುಕೊಂಡೆ.

ಊಟಕ್ಕೆ ಮೇಲೆ ಹೋದೆವು. ಇವರು ಉತ್ಸಾಹದಲ್ಲಿ ದಿಂಬಿನ ಪಕ್ಕದ ಡಬ್ಬವನ್ನು ಕರೆದರು. ಎರಡು ಸಲ, ಮೂರು ಸಲ. ಏನೂ ಇಲ್ಲ. ಹತ್ತು ನಿಮಿಷದ ಹಿಂದಿನ ಅದೇ ಗಂಟಲು, ಅದೇ ದನಿ. ಇವರು ಅದನ್ನು ಗೋಡೆಯ ಕಡೆ ತಿರುಗಿಸಿಟ್ಟು ಮಲಗಿದರು. ಮಲಗುವ ಮುಂಚೆ "ಬೆಳಿಗ್ಗೆ ಮಾತ್ರ ಬರುತ್ತೇನೋ" ಎಂದರು. ಇದು ನನಗೆ ಕೇಳಿಸಿತು.

ಸೆಪ್ಟೆಂಬರ್ ೨೩, ಮಂಗಳವಾರ

ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪುಟ್ಟಿ ಊಟಕ್ಕೆಂದು ಎರಡು ಬೀದಿ ಆಚೆಯ ತನ್ನ ಮನೆಗೆ ಹೋದಾಗ ಅಂಗಡಿಯ ಸ್ಪೀಕರನ್ನು ಮಹಡಿಗೆ ಒಯ್ದು ಬಾಗಿಲ ಮೂಲೆಯಲ್ಲಿಟ್ಟೆ. "ಕರೀರಿ" ಎಂದೆ. ಇವರು ಮಲಗಿದ್ದಲ್ಲಿಂದಲೇ ಕರೆದರು. ಹತ್ತಿತು. ಗೋಡೆಯೂ ಅಲ್ಲ, ಬೆಳಿಗ್ಗೆ ಸಂಜೆ ಎಂಬುದೂ ಅಲ್ಲ.

ಎರಡನ್ನೂ ಕೆಳಗೆ ತಂದು ಮೇಜಿನ ಮೇಲಿಟ್ಟೆ. ಅಕ್ಕಪಕ್ಕ ಇಟ್ಟರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಹೊಸದನ್ನು ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಎಂದು ಪುಟ್ಟಿ ಹೇಳಿದ್ದಳು, ಅದಕ್ಕೇ ನಾನು ಇಷ್ಟು ದಿನ ಬಿಚ್ಚಿರಲಿಲ್ಲ. ನಿಜ ಹೇಳಬೇಕೆಂದರೆ ಅದಕ್ಕೂ ಅಲ್ಲ, ಪುಟ್ಟಿ ಒಂದೇ ಎಂದಿದ್ದಳಲ್ಲ, ಅದಕ್ಕೆ.

ಅಂಗಡಿಯದನ್ನು ಮೊದಲು ಬಿಚ್ಚಿದೆ. ತಳದ ರಬ್ಬರನ್ನು ಬಿಸಿ ಮಾಡಿ ಎಬ್ಬಿಸಿ, ನಾಲ್ಕು ಸ್ಕ್ರೂ ತೆಗೆದು, ಮೇಲಿನ ಬೋರ್ಡು ಹೊರತೆಗೆದೆ. ಸುತ್ತಲೂ ಆರು ಸಣ್ಣ ಮೈಕು. ಮಹಡಿಯದನ್ನು ತೆಗೆದುಕೊಂಡೆ. ಇದರ ರಬ್ಬರು ಬಿಸಿ ಮಾಡುವ ಮೊದಲೇ ಉಗುರಿಗೆ ಎದ್ದು ಬಂತು. ಅಂಟು ಕಂಪನಿಯದಲ್ಲ, ನಮ್ಮ ಡಬ್ಬಿಯ ಹಳದಿ ಅಂಟು. ಒಳಗೆ ಅದೇ ಬೋರ್ಡು, ಅದೇ ಆರು ಜಾಗ. ಎರಡರಲ್ಲಿ ಮಾತ್ರ ಮೈಕು. ಉಳಿದ ನಾಲ್ಕರಲ್ಲಿ ಸೋಲ್ಡರಿನ ಚುಕ್ಕೆ ಬಿಟ್ಟರೆ ಏನೂ ಇಲ್ಲ, ಹಲ್ಲು ಬಿದ್ದ ಬಾಯಿಯ ಹಾಗೆ. ಅಂಗೈಯಗಲದ ಡಬ್ಬಕ್ಕೆ ಎರಡು ಕಿವಿ ಕೊಟ್ಟು ಆರು ಕಿವಿಯದರ ಅಂಗಿ ತೊಡಿಸಿದ್ದಾರೆ.

ಅಯ್ಯೋ ಕಂಪನಿಯವರೇ, ನಿಮ್ಮ ಮನೆ ಹಾಳಾಗ ಎಂದು ಬೈಯುತ್ತಾ ತಳದ ಮುಚ್ಚಳ ಮಗುಚಿದೆ.

ಅಲ್ಲಿ ಒಂದು ಗುಬ್ಬಿ. ಕೊಕ್ಕು, ಬಾಲ, ಎರಡು ಕಾಲು. ಕೆಳಗೆ ತಾರೀಖು: ಆಗಸ್ಟ್ ೨೧.

ಇದು ಮಹಡಿಗೆ ಬಂದದ್ದು ಇಪ್ಪತ್ಮೂರಕ್ಕೆ.

ಪುಟ್ಟಿಯ ಚಪ್ಪಲಿ ಸದ್ದು ಕೇಳಿ ಎರಡನ್ನೂ ಮುಚ್ಚಿ ಇದ್ದ ಕಡೆ ಇಟ್ಟೆ. "ಯಾಕಕ್ಕ, ಊಟ ಮಾಡ್ಲಿಲ್ವಾ? ಮುಖ ಬಾಡಿದೆ" ಎಂದಳು. ಅಷ್ಟೇ ಪ್ರೀತಿಯಿಂದ.

ಸೆಪ್ಟೆಂಬರ್ ೨೪, ಬುಧವಾರ

ಇಡೀ ದಿನ ಅವಳ ಪಕ್ಕ ಕೂತಿದ್ದೆ. ಒಂದೇ ಮೇಜು, ಒಂದೇ ದೀಪ. ಒಬ್ಬ ಹೆಂಗಸು ಬಂದು ಅದೇ ಪ್ರಶ್ನೆ ಕೇಳಿದಳು. "ಒಳಗೆಲ್ಲ ಒಂದೇ ಅಮ್ಮ" ಎಂದಳು ಪುಟ್ಟಿ, ನಗುನಗುತ್ತಾ, ನಾಲಿಗೆ ಸ್ವಲ್ಪವೂ ತೊದಲದೆ. ಅವಳ ತಲೆಯ ಮೇಲೆ ನನ್ನ ಗುಂಡು ಅಕ್ಷರ ತೂಗಾಡುತ್ತಿತ್ತು.

ಕಪಾಟಿನಿಂದ ಸ್ಟೂಲು, ಸ್ಟೂಲಿನಿಂದ ದಿಂಬು. ಅದು ತಾಳ್ಮೆಯಲ್ಲ. ಗೊತ್ತಿತ್ತು ಅವಳಿಗೆ. ಅದಕ್ಕೇ ಹತ್ತಿರ ಹತ್ತಿರ ತಳ್ಳುತ್ತಾ ಬಂದಳು. ನಾನು ಬಾಗಿಲಲ್ಲಿ ನಿಂತು ಇವರ ಗಂಟಲು ಹರಿಯುವ ಹಾಗೆ ಕೂಗಿಸುತ್ತಿದ್ದಾಗ ಅವಳು ಕೆಳಗಿದ್ದಳು. ಎಲ್ಲಾ ಕೇಳುತ್ತಿತ್ತು. ಒಂದು ಸಲ ಮೇಲೆ ಬಂದು "ಅಕ್ಕ, ಕೂಗಿಸಬೇಡ, ತಪ್ಪು ಭಾವಂದಲ್ಲ" ಎನ್ನಬಹುದಿತ್ತು. ನಾಲ್ಕು ಪದ! ಬೇರೆ ಯಾರಾದರೂ ಮಾಡಿದ್ದರೆ ಬೀದಿಗೆ ಎಳೆದು ಜಗಳ ಆಡುತ್ತಿದ್ದೆ. ಇವಳಿಗೆ ಜಡೆ ಹಾಕಿದ ಕೈ ಇದು. ಹೇಗೆ ಎತ್ತಲಿ?

ಇವರು ಸಂಜೆ "ಯಾಕೆ ಸುಮ್ಮನಿದ್ದೀಯ, ನಿನ್ನ ಗಂಟಲೂ ಹೋಯ್ತಾ?" ಎಂದರು. ನಗು ಬರಲಿಲ್ಲ.

ಸೆಪ್ಟೆಂಬರ್ ೨೫, ಗುರುವಾರ

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮಹಡಿಯದರ ಮುಚ್ಚಳವನ್ನು ಮತ್ತೆ ಬಿಚ್ಚಿ ಅವಳು ಕೂರುವ ಕಡೆ ಮಗುಚಿಟ್ಟೆ. ಅವಳು ಬ್ಯಾಗು ಇಳಿಸಿದಳು, ನೋಡಿದಳು, ಕೂತಳು.

"ಯಾವಾಗ ಬಿಚ್ಚಿದೆ ಅಕ್ಕ?"

"ನೀನು ಯಾವಾಗ ಬಿಚ್ಚಿದ್ದು ಅಂತ ಅದರಲ್ಲೇ ಇದೆಯಲ್ಲ."

ಉಗುರು ಕಡಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ಇದನ್ನೇ ಒಬ್ಬರು ವಾಪಸ್ ತಂದಿದ್ರು, ಕೇಳ್ಸಲ್ಲ ಅಂತ. ಬಿಚ್ಚಿ ನೋಡಿದೆ. ಎರಡೇ ಇತ್ತು. ಅಷ್ಟೊತ್ತಿಗಾಗಲೇ ಹದಿನೇಳು ಜನಕ್ಕೆ ಒಂದೇ ಅಂತ ಹೇಳಿಬಿಟ್ಟಿದ್ದೆ ಅಕ್ಕ. ರಟ್ಟು ಬೇರೆ ತೂಗಾಡ್ತಿತ್ತು. ಬಿಚ್ಚದೇ ಹೇಳಿದ್ದೆ ಅಂತ ಗೊತ್ತಾದ್ರೆ ನಮ್ಮ ಅಂಗಡಿ ಮಾತು ಯಾರು ಕೇಳ್ತಾರೆ? ಅಪ್ಪ ಇದ್ದಿದ್ರೆ ನನ್ನ ಮುಖ ನೋಡ್ತಿದ್ರಾ?"

"ಹೊರಗಿನವರಿಗೆ ಹೇಳಲಿಲ್ಲ, ಸರಿ. ನನಗೆ?"

"ನಿನಗೆ ಹೇಳಿದ್ರೆ ಅವತ್ತೇ ರಟ್ಟು ಕಿತ್ತು ಎಲ್ಲರ ಮನೆಗೂ ಹೋಗ್ತಿದ್ದೆ."

"ಹೋಗ್ತಿದ್ದೆ. ಅದಿರಲಿ, ಒಬ್ಬರು ಬೇಡ ಅಂತ ಬಿಸಾಕಿ ಹೋದದ್ದನ್ನ ತಂದು ಭಾವನ ತಲೆ ಹತ್ರ ಇಟ್ಟೆಯಲ್ಲ, ಅದು ಯಾಕೆ?"

ಅವಳು ಅಳಲು ಶುರು ಮಾಡಿದಳು. ಅಳು ನೋಡಿ ನನಗೆ ಕನಿಕರ ಬರಲಿಲ್ಲ. ಇದನ್ನು ಬರೆದಿಡಬೇಕು, ಬರಲಿಲ್ಲ.

"ಹೊರಗಿನವರು ಜಗಳ ಆಡ್ತಾರೆ ಅಕ್ಕ. ನೀವಿಬ್ರೂ ಆಡಲ್ಲ ಅಂತ."

ಅವಳು ಹೇಳಿದ್ದು ಇಷ್ಟೇ. ಸುಳ್ಳು ಹೇಳಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಮನೆಯವರು ಸಹಿಸಿಕೊಳ್ಳುತ್ತಾರೆ ಎಂಬ ಧೈರ್ಯಕ್ಕೆ ನಮ್ಮನ್ನು ಆರಿಸಿಕೊಂಡಳು. ನಾನೇ ಕಲಿಸಿದ ಧೈರ್ಯವಿರಬೇಕು ಅದು. ಚಿಕ್ಕಂದಿನಲ್ಲಿ ಅವಳು ಒಡೆದದ್ದನ್ನೆಲ್ಲ ನಾನು ಒಡೆದೆ ಎಂದು ಅಪ್ಪನ ಮುಂದೆ ನಿಲ್ಲುತ್ತಿದ್ದವಳು ನಾನೇ ತಾನೇ?

"ಅವರ ಗಂಟಲು ಊದಿದೆ ಪುಟ್ಟಿ. ಇನ್ನು ಬರುತ್ತೋ ಇಲ್ವೋ ಅಂತಿದ್ದಾರೆ. ನಾನು ಕೂಗಿಸಿದೆ. ಒಂದೇ ಅಂತ ನೀನು ಅಂದೆ, ಅದಕ್ಕೆ ಕೂಗಿಸಿದೆ."

"ಅಷ್ಟು ಆಗುತ್ತೆ ಅಂದ್ಕೊಂಡಿರಲಿಲ್ಲ ಅಕ್ಕ."

"ಇಷ್ಟೆಲ್ಲ ಮುಚ್ಚಿಟ್ಟವಳು ಗುಬ್ಬಿ ಯಾಕೆ ಬರೆದೆ?"

ಅವಳು ಮುಚ್ಚಳವನ್ನು ನೋಡಿದಳು, ತಾನು ಬರೆದದ್ದೇ ಅಲ್ಲ ಎಂಬಂತೆ. "ಗೊತ್ತಿಲ್ಲ. ಬಿಚ್ಚಿದೆ, ಬರೆದೆ. ಕೈ ಬರೀತು."

ಮನೆಗೆ ಹೋಗು ಎಂದೆ. ಹೋದಳು. ರಟ್ಟು ಕಿತ್ತು ನಾಲ್ಕು ತುಂಡು ಮಾಡಿದೆ.

ಅಂಗಡಿಯ ಏಳನ್ನು ಮಹಡಿಗೆ ಒಯ್ದಿಟ್ಟು, ಏಳು-ಎಸ್ ಅನ್ನು ಮುಚ್ಚಿ ಅಂಗಡಿಯ ಅಟ್ಟಣಿಗೆಯಲ್ಲಿ ಇಟ್ಟೆ. ಇವರಿಗೆ ಎಲ್ಲಾ ಹೇಳಿದೆ. ಇವರು ನನ್ನ ಮೇಲೂ ಕೂಗಾಡಲಿಲ್ಲ, ಕೂಗಾಡಲು ಏನಿದೆ ಪಾಪ. "ಹಾಗಾದ್ರೆ ತಪ್ಪು ನಂದಲ್ಲ" ಎಂದರು. ಅಷ್ಟು ಅಂದು ಕಣ್ಣೊರೆಸಿಕೊಂಡರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಇವರು ಅತ್ತದ್ದು ನಾನು ನೋಡಿರಲಿಲ್ಲ.

ಅಕ್ಟೋಬರ್ ೧, ಬುಧವಾರ

ನಾಲ್ಕು ದಿನದಲ್ಲಿ ಹತ್ತೊಂಬತ್ತು ಮನೆ. ಚೀಲದಲ್ಲಿ ಸ್ಕ್ರೂಡ್ರೈವರ್, ಬಿಚ್ಚಿದ ಎರಡು ಬೋರ್ಡಿನ ಫೋಟೋ. ಪ್ರತಿ ಬಾಗಿಲಲ್ಲೂ ಅದೇ ಪಲ್ಲವಿ: "ಎರಡೂ ಒಂದೇ ಅಂದಿದ್ದೆವು. ಅಲ್ಲ. ಬಿಚ್ಚಿ ನೋಡದೇ ಹೇಳಿದ್ದೆವು." ಕೆಲವರು ಬೈದರು. ಒಬ್ಬಾಕೆ "ನಮಗೆ ಹಾಡು ಕೇಳಿದರೆ ಸಾಕು ಬಿಡಿ" ಎಂದಳು. ಪೋಸ್ಟ್‌ಮ್ಯಾನ್ ಮನೆಯಲ್ಲಿ ಹೊಸ ಪರದೆ ನೇತಾಡುತ್ತಿತ್ತು. ಪುಟ್ಟಿಯ ಮಾತು ಕೇಳಿ ಹಾಕಿಸಿದ್ದಂತೆ. "ಅವಳು ಮಾತುಗಾತಿ, ಅವಳ ಮಾತು ಬಿಡಿ. ನೀವು ತಲೆ ಎತ್ತದೇ ಹೌದು ಅಂದಿರಲ್ಲ, ಅದಕ್ಕೆ ನಂಬಿದೆ" ಎಂದರು. ನಿಂತ ನೆಲ ಬಾಯಿ ಬಿಡಬಾರದೇ ಅನಿಸಿತು.

"ನಾವು" ಎಂದೇ ಹೇಳಿದೆ ಎಲ್ಲ ಕಡೆ. "ತಂಗಿ" ಎನ್ನಲು ಬಾಯಿ ಬರಲಿಲ್ಲ. ಅದಕ್ಕೂ ನನ್ನ ಮೇಲೇ ಸಿಟ್ಟು.

ಮುಂದಿನ ಹಾಳೆ: ಹತ್ತೊಂಬತ್ತು ನಿಮಿಷ.

ಅಕ್ಟೋಬರ್ ೬, ಸೋಮವಾರ

ಪುಟ್ಟಿ ಬಂದಳು. ಕರೆಯಲಿಲ್ಲ, ಬೇಡ ಎನ್ನಲೂ ಇಲ್ಲ. ತನ್ನ ಜಾಗದಲ್ಲಿ ಕೂತು ಒಂದು ಮಿಕ್ಸಿ ಬಿಚ್ಚಿ ಸರಿಮಾಡಿ ಮುಚ್ಚಿ ನನ್ನ ಕಡೆ ಸರಿಸಿದಳು. "ಫ್ಯೂಸ್ ಹೋಗಿತ್ತು ಅಕ್ಕ, ಬದಲಾಯಿಸಿದ್ದೀನಿ. ಚೀಟಿ ಅಂಟಿಸಿಬಿಡು."

ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಮುಚ್ಚಳ ಬಿಚ್ಚಿದೆ. ಹೊಸ ಫ್ಯೂಸು, ನೀಟಾದ ಸೋಲ್ಡರು, ಗುಬ್ಬಿ, ಇವತ್ತಿನ ತಾರೀಖು. ಎಲ್ಲಾ ಸರಿ ಇತ್ತು. ಮುಚ್ಚಿ ಚೀಟಿ ಅಂಟಿಸಿದೆ. ತಲೆ ಎತ್ತಿದರೆ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಕಪಾಳಕ್ಕೆ ಹೊಡೆದಿದ್ದರೂ ಅವಳ ಮುಖ ಹಾಗಾಗುತ್ತಿರಲಿಲ್ಲ. ಆಗಲಿ. ನನಗೂ ಹಾಗೇ ಆಗಿತ್ತು.

ಅಕ್ಟೋಬರ್ ೯, ಗುರುವಾರ

ಊತ ಇಳಿದಿದೆ! ತಂತು ನಡುವಿನತನಕ ಬರಲು ಕಲಿಯುತ್ತಿದೆಯಂತೆ. "ಏನು ಮಾಡಿದ್ರಿ?" ಎಂದು ಡಾಕ್ಟರಮ್ಮ ಕೇಳಿದರು. ಹೊಸದೇನೂ ಮಾಡಿಲ್ಲ, ಸ್ಪೀಕರ್ ಬದಲಿಸಿದೆವು ಎಂದೆ.

ಬರುವಾಗ ಬಸ್ಸು ಗಡಗಡ ಎನ್ನುತ್ತಿತ್ತು. ಇವರು ದಾರಿಯುದ್ದಕ್ಕೂ ಮಾತಾಡಿದರು.

"ಪುಟ್ಟಿ ಜೊತೆ ಮಾತಾಡ್ತಿದ್ದೀಯಾ?"

"ಕೆಲಸದ ಮಾತು."

"ಹರಾಜಿನಲ್ಲಿ ನಾನೂ ಒಂದ್ಸಲ ಹಾಗೇ ಮಾಡಿದ್ದೆ ಕಣೇ. ಮೂಟೆ ಬಿಚ್ಚದೇ ಒಳ್ಳೆ ಈರುಳ್ಳಿ ಅಂತ ಕೂಗಿಬಿಟ್ಟೆ. ಅಡಿಯಲ್ಲೆಲ್ಲ ಕೊಳೆತಿತ್ತು. ಒಂದ್ಸಲ ಕೂಗಿದ ಮೇಲೆ ವಾಪಸ್ ತಗೊಳ್ಳೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು."

"ಆ ಕೊಳೆತದ್ದನ್ನ ಮನೆಗೆ ತಂದು ನನಗೆ ತಿನ್ನಿಸಿದ್ರಾ?"

ಇವರು ನಕ್ಕರು. ನಕ್ಕರೆ ಈಗ ಸಣ್ಣಗೆ ಸೀಟಿ ಹೊಡೆದ ಹಾಗೆ ಕೇಳುತ್ತದೆ. "ಇಲ್ಲ, ಅದು ತಪ್ಪು. ಅದನ್ನ ನಾನೂ ಮರೆಯಲ್ಲ. ಆದ್ರೆ ಆ ಗುಬ್ಬಿ ಇದೆಯಲ್ಲ, ಅದು ಬರೀ ಅಭ್ಯಾಸಕ್ಕೆ ಬರೆದದ್ದಲ್ಲ. ನೀನು ಒಂದಿನ ಬಿಚ್ಚಿ ನೋಡಲಿ ಅಂತಲೇ ಬರೆದಿರಬೇಕು."

"ನಿಮಗೆ ಎಲ್ಲರೂ ಒಳ್ಳೆಯವರೇ."

"ನೀನು ಕಿಟಕಿ ಕಡೆ ಸರಿ, ಬಿಸಿಲು ಬೀಳ್ತಿದೆ ನನಗೆ."

ಸರಿದೆ. ಇವರು ಹೇಳಿದ್ದು ನಿಜವಿರಬಹುದು. ನಿಜವಾಗಿದ್ದರೆ ಇನ್ನೂ ಸಂಕಟ. ಸಿಕ್ಕಿಬೀಳಲಿ ಎಂದು ಒಂದು ತಿಂಗಳು ಕಾಯುವ ಬದಲು "ಅಕ್ಕ" ಎಂದು ಒಂದು ಸಲ ಕರೆಯಬಹುದಿತ್ತು. ನಾನು ಆರು ಕಿವಿಯವಳೋ ಎರಡು ಕಿವಿಯವಳೋ, ಅವಳು ಕರೆದರೆ ಯಾವಾಗ ಕೇಳಿಸಿಕೊಂಡಿಲ್ಲ?

ಅಕ್ಟೋಬರ್ ೧೪, ಮಂಗಳವಾರ

ಮುಂದಿನ ಹಾಳೆ ಐದು ದಿನದಿಂದ ಖಾಲಿ. ನಿಮಿಷ ಎಣಿಸಲು ಮರೆತೇ ಹೋಗುತ್ತಿದೆ. ನಾಳೆ ಕೂತು ಅಂದಾಜಿನಲ್ಲಿ ತುಂಬಿಸಬೇಕು, ಇಲ್ಲದಿದ್ದರೆ ಡಾಕ್ಟರಮ್ಮ ಬೈಯುತ್ತಾರೆ.

ಮಧ್ಯಾಹ್ನ ಪುಟ್ಟಿ ಒಂದು ಟೇಬಲ್ ಫ್ಯಾನಿನ ಮೋಟಾರು ಓಡಿಸಿ ನೋಡುತ್ತಿದ್ದಳು, ಅಂಗಡಿಯೆಲ್ಲ ಗುರ್ರ್ ಎನ್ನುತ್ತಿತ್ತು. ನಾನು ಎದ್ದೆ.

"ಎಲ್ಲಿಗಕ್ಕ?"

"ಭಾವ ಕರೀತಿದ್ದಾರೆ."

ಅವಳು ಮೋಟಾರು ನಿಲ್ಲಿಸಿ ಅಟ್ಟಣಿಗೆಯ ಮೇಲಿನ ಸ್ಪೀಕರಿನ ಕಡೆ ನೋಡಿದಳು. ಅದರ ದೀಪ ಹತ್ತಿರಲಿಲ್ಲ. "ಕರೆದಿಲ್ವಲ್ಲಕ್ಕ, ನನಗೇನೂ ಕೇಳ್ಸಲಿಲ್ಲ" ಎಂದಳು. ಅವಳ ಜೊತೆ ವಾದ ಮಾಡುತ್ತಾ ನಿಲ್ಲಲು ನನಗೆಲ್ಲಿ ಪುರುಸೊತ್ತು? ಮೇಲೆ ಹೋದೆ. ಇವರಿಗೆ ಕನ್ನಡಕ ಸಿಕ್ಕಿರಲಿಲ್ಲ, ಮಂಚದ ಕೆಳಗೆ ಬಿದ್ದಿತ್ತು. ಕೊಟ್ಟು, ಎರಡು ಮಾತಾಡಿ ಇಳಿದು ಬಂದೆ.

ಬಂದರೆ ನನ್ನ ಕಡೆಯ ಮೇಜಿನ ಮೇಲೆ ಆ ಫ್ಯಾನ್ ಇತ್ತು. ಕೆಲಸ ಮುಗಿದಿತ್ತು. ಆದರೆ ಪುಟ್ಟಿ ಮುಚ್ಚಳ ಮುಚ್ಚಿರಲಿಲ್ಲ. ನಾಲ್ಕು ಸ್ಕ್ರೂಗಳನ್ನು ಒಂದು ಬಟ್ಟಲಿನಲ್ಲಿ ಹಾಕಿ, ಮುಚ್ಚಳವನ್ನು ಗುಬ್ಬಿ ಕಾಣುವ ಹಾಗೆ ಮಗುಚಿ ಪಕ್ಕದಲ್ಲಿಟ್ಟಿದ್ದಳು. ಅಪ್ಪನ ಕಾಲದಿಂದ ನಮ್ಮ ಅಂಗಡಿಯಲ್ಲಿ ಮುಗಿದ ಕೆಲಸವನ್ನು ಯಾರೂ ಹೀಗೆ ಬಿಚ್ಚಿಟ್ಟು ಕೈ ದಾಟಿಸಿದ್ದಿಲ್ಲ.

"ನೋಡಿ ಮುಚ್ಚಿಬಿಡು ಅಕ್ಕ" ಎಂದಳು. ಸಿಟ್ಟಿನಿಂದ ಅಲ್ಲ, ಚುಚ್ಚಲೆಂದೂ ಅಲ್ಲ. ಇನ್ನು ಮೇಲೆ ಹೀಗೇ ಎಂಬಂತೆ.

ಬೇಡ ಪುಟ್ಟಿ, ನೀನೇ ಮುಚ್ಚು ಎಂಬ ಮಾತು ಗಂಟಲ ತನಕ ಬಂತು. ಅವಳೂ ಅದಕ್ಕೇ ಕಾಯುತ್ತಿದ್ದಳು, ನನಗೆ ಗೊತ್ತಾಯಿತು. ಆ ಮಾತು ಬರಲಿಲ್ಲ.

ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದೆ. ಎಲ್ಲಾ ಸರಿ ಇತ್ತು. ಮುಚ್ಚಿದೆ.